ಹೊರಗಿನ ಚರ್ಮ, ಒಳಗಿನ ಅಂಗ: ಕಶೇರುಕಗಳ ಹೋಲಿಕೆಯನ್ನು ಕೋಷ್ಟಕದಾಚೆ ಹೇಗೆ ನೋಡೋದು?

ಬಿಳಿಹಲಗೆ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಕಶೇರುಕಗಳ, ಅಂದರೆ ಬೆನ್ನೆಲುಬಿರುವ ಪ್ರಾಣಿಗಳ, ಪಾಠ ಬಂದಾಗಲೆಲ್ಲ ಅದೇ ಕೋಷ್ಟಕ. ಮೀನಿಗೆ ಹುರುಪೆ, ಕಿವಿರು, ಎರಡು ಕೋಣೆಯ ಹೃದಯ. ಕಪ್ಪೆಗೆ ಒದ್ದೆ ಚರ್ಮ, ಮೂರು ಕೋಣೆ. ಹಾವು, ಹಲ್ಲಿಗೆ ಒಣ ಹುರುಪೆ, ಮೂರು ಕೋಣೆ. ಹಕ್ಕಿಗೆ ಗರಿ, ಸಸ್ತನಿಗೆ ಕೂದಲು, ಎರಡಕ್ಕೂ ನಾಲ್ಕು ಕೋಣೆ. ಮಕ್ಕಳು ಇದನ್ನು ಬೇಗ ಬಾಯಿಪಾಠ ಮಾಡಿಬಿಡುತ್ತಾರೆ. ಅಂಕವೂ ಬರುತ್ತದೆ.

ನನ್ನ ತಕರಾರು ಬೇರೆ. ಚರ್ಮದ ಸಾಲಿಗೂ ಹೃದಯದ ಸಾಲಿಗೂ ಸಂಬಂಧವೇ ಕಾಣುವುದಿಲ್ಲ. ಕಿಡ್ನಿಯ ಸಾಲಂತೂ ಬಹಳ ಸಲ ಇರುವುದೇ ಇಲ್ಲ. ಇವೆಲ್ಲ ಒಂದೇ ಲೆಕ್ಕಕ್ಕೆ ಸೇರಿದವು ಅನ್ನೋದು ನನ್ನ ನಂಬಿಕೆ. ಚರ್ಮ ಏನನ್ನು ಒಳಗೆ ಬಿಡುತ್ತದೆ, ಏನನ್ನು ಹೊರಗೆ ಬಿಡುತ್ತದೆ ಅನ್ನೋದರ ಮೇಲೆ ಶ್ವಾಸಕೋಶ, ಹೃದಯ, ಕಿಡ್ನಿಗಳ ಕೆಲಸ ನಿಂತಿದೆ. ಇದನ್ನು ತೋರಿಸೋ ಗಟ್ಟಿ ಉದಾಹರಣೆಗಳು ಬೇಕು. ಪ್ರಾಣಿಗಳ ಜೊತೆ ಕೆಲಸ ಮಾಡುವವರು ಇಲ್ಲಿ ಸುಮಾರು ಜನ ಇದ್ದೀರಿ, ಅಲ್ವಾ? ಗೊತ್ತಿರೋದನ್ನು ಬರೆಯಿರಿ.

ಕೆರೆದಂಡೆ

ಮೇಷ್ಟ್ರೇ, ಒಳ್ಳೆ ವಿಷಯ ಎತ್ತಿದ್ದೀರಿ. ಮೀನಿನಿಂದ ಶುರು ಮಾಡ್ತೀನಿ.

ಮೊದಲು ಹುರುಪೆಯನ್ನು ಸರಿಯಾಗಿ ನೋಡಬೇಕು. ಮೂಳೆಮೀನಿನ ಹುರುಪೆ ಹುಟ್ಟೋದು ಒಳಚರ್ಮದಲ್ಲಿ. ಒಂದೊಂದಕ್ಕೂ ಒಂದೊಂದು ಪುಟ್ಟ ಜೇಬು ಇರುತ್ತದೆ. ಅದರ ಮೇಲೆ ತೆಳು ಹೊರಚರ್ಮ, ಅದರ ಮೇಲೆ ಲೋಳೆ. ಅದಕ್ಕೇ ಮೀನನ್ನು ಉಜ್ಜಿದರೆ ಹುರುಪೆ ಬಿಡಿ ಬಿಡಿಯಾಗಿ ಉದುರುತ್ತದೆ. ಒಂದನ್ನು ತೆಗೆದು ತೊಳೆದು, ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿ. ಒಳಗಿನಿಂದ ಹೊರಕ್ಕೆ ಸಾಲು ಸಾಲು ಉಂಗುರ ಕಾಣುತ್ತವೆ. ಚೆನ್ನಾಗಿ ಬೆಳೆದ ಕಾಲದಲ್ಲಿ ಉಂಗುರಗಳ ನಡುವೆ ಜಾಗ ಜಾಸ್ತಿ. ಬೆಳವಣಿಗೆ ನಿಧಾನವಾದಾಗ ಒತ್ತೊತ್ತಾಗಿ ಕೂತಿರುತ್ತವೆ. ಮೀನಿನ ವಯಸ್ಸು ಅಂದಾಜು ಮಾಡೋದು ಇದರಿಂದಲೇ. ಕೆಲವು ಮೀನಿನ ಹುರುಪೆಯ ಹಿಂದಿನ ಅಂಚಿನಲ್ಲಿ ಬಾಚಣಿಗೆಯ ಹಾಗೆ ಸಣ್ಣ ಮುಳ್ಳುಗಳೂ ಸಿಗುತ್ತವೆ. ಮಕ್ಕಳಿಗೆ ಇದನ್ನೊಮ್ಮೆ ತೋರಿಸಿ. ಮತ್ತೆ ಮರೆಯೋದಿಲ್ಲ.

ಶಾರ್ಕ್ ಕಥೆ ಬೇರೆ. ಅದರ ಮೈಮೇಲಿರೋದು ಪುಟ್ಟ ಹಲ್ಲುಗಳು ಅಂತಲೇ ಹೇಳಬಹುದು. ನಡುವೆ ರಕ್ತನಾಳ ಇರುವ ಮೃದು ತಿರುಳು, ಸುತ್ತ ಡೆಂಟಿನ್ ಅನ್ನೋ ಹಲ್ಲಿನ ಗಟ್ಟಿ ಭಾಗ, ಮೇಲೆ ಎನಾಮಲ್‌ನಂಥ ಗಟ್ಟಿ ಹೊದಿಕೆ. ನಮ್ಮ ಬಾಯಿಯ ಹಲ್ಲಿನ ಕಟ್ಟಡವೂ ಇದೇ. ಮೂಳೆಮೀನಿನಲ್ಲಿ ಹುರುಪೆಗಳ ಸಂಖ್ಯೆ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಮೀನಿನ ಜೊತೆ ಪ್ರತಿಯೊಂದೂ ದೊಡ್ಡದಾಗುತ್ತದೆ. ಶಾರ್ಕಿನಲ್ಲಿ ಮೂಡಿದ ಹಲ್ಲು ಬೆಳೆಯೋದಿಲ್ಲ. ಹಳೆಯದು ಬಿದ್ದು ಹೊಸದು ಬರುತ್ತದೆ, ಮೈ ದೊಡ್ಡದಾದ ಹಾಗೆ ಸಂಖ್ಯೆ ಹೆಚ್ಚುತ್ತದೆ.

ಇನ್ನು ಒಳಗೆ. ಮೀನಿನ ಹೃದಯದಿಂದ ಹೊರಟ ರಕ್ತ ಮೊದಲು ಕಿವಿರಿಗೆ ಹೋಗುತ್ತದೆ. ಅಲ್ಲಿನ ಸಣ್ಣ ಸಣ್ಣ ನಾಳಗಳನ್ನು ದಾಟೋ ಹೊತ್ತಿಗೆ ಒತ್ತಡ ಇಳಿದಿರುತ್ತದೆ. ಅದೇ ಇಳಿದ ಒತ್ತಡದಲ್ಲಿ ಇಡೀ ಮೈ ಸುತ್ತಬೇಕು. ನೀರು ಮೈಯನ್ನು ಹೊತ್ತುಕೊಂಡಿರುವಾಗ ಬಹುತೇಕ ಮೀನುಗಳಿಗೆ ಇಷ್ಟು ಸಾಕು.

ಹೊಸಬ

ಒಂದು ಪ್ರಶ್ನೆ. ಹಾವಿನ ಹುರುಪೆಯೂ ಹೀಗೇ ಬಿಡಿ ಬಿಡಿಯಾಗಿ ಬರುತ್ತಾ? ಪೊರೆ ಬಿಟ್ಟಾಗ ಪೂರ್ತಿ ಒಂದೇ ತುಂಡಾಗಿ ಸಿಗುತ್ತಲ್ಲ?

ಉಡದಹೆಜ್ಜೆ

ಹೊಸಬರೇ, ನೀವು ನೋಡಿರೋದು ಸರಿ. ಹಾವಿನ ಹುರುಪೆ ಬಿಡಿ ವಸ್ತುವೇ ಅಲ್ಲ. ಅದು ಹೊರಚರ್ಮ ಮಡಚಿಕೊಂಡು ಗಟ್ಟಿಯಾದ ಜಾಗ. ಎರಡು ಹುರುಪೆಗಳ ನಡುವೆ ತೆಳು ಚರ್ಮ ಇರುತ್ತದೆ, ಆದರೆ ಹಾಳೆ ಒಂದೇ. ದೊಡ್ಡ ಬೇಟೆ ನುಂಗಿದ ಹಾವನ್ನು ನೋಡಿ. ಹುರುಪೆಗಳು ದೂರ ದೂರ ಸರಿದು ನಡುವಿನ ಚರ್ಮ ಕಾಣುತ್ತದೆ.

ಪೊರೆ ಬಿಡೋ ಮುಂಚೆ ಹಾವಿನ ಕಣ್ಣು ಹಾಲು ಬೆರೆಸಿದ ಹಾಗೆ ಮಸುಕಾಗುತ್ತದೆ. ಹಳೆ ಪದರ ಮತ್ತು ಹೊಸ ಪದರದ ನಡುವೆ ದ್ರವ ಸೇರಿಕೊಳ್ಳುವುದೇ ಕಾರಣ. ಹಾವಿಗೆ ಮುಚ್ಚಿ ತೆರೆಯೋ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಪಾರದರ್ಶಕ ಹುರುಪೆ ಇರುತ್ತದೆ, ಪೊರೆಯ ಜೊತೆ ಅದೂ ಕಳಚುತ್ತದೆ. ಪೊರೆ ಸಿಕ್ಕರೆ ತಲೆಯ ಭಾಗ ನಿಧಾನವಾಗಿ ಬಿಡಿಸಿ. ಕಣ್ಣಿನ ಜಾಗದಲ್ಲಿ ಗುಂಡನೆಯ ಎರಡು ಗಾಜಿನಂಥ ಮುಚ್ಚಳಗಳು ಇರಬೇಕು. ಇಲ್ಲದಿದ್ದರೆ ಹಾವಿನ ಕಣ್ಣಲ್ಲೇ ಉಳಿದಿವೆ ಅಂತ ಅರ್ಥ, ಅದು ಹಾವಿಗೆ ತೊಂದರೆ.

ಈಗ ಮೇಷ್ಟ್ರ ವಿಷಯಕ್ಕೆ. "ಹುರುಪೆ ಇರೋದರಿಂದ ಸರೀಸೃಪಗಳ ಮೈಯಿಂದ ನೀರು ಆವಿಯಾಗಲ್ಲ" ಅಂತ ಎಲ್ಲ ಕಡೆ ಬರೆದಿರುತ್ತಾರೆ. ಈ ವಾಕ್ಯ ತಿದ್ದಬೇಕು. ಹುರುಪೆಯೇ ಇಲ್ಲದೆ ಹುಟ್ಟುವ ಹಾವುಗಳು ಅಪರೂಪಕ್ಕೆ ಸಿಗುತ್ತವೆ. ಅಂಥ ಒಂದು ಹಾವನ್ನು ಮಾಮೂಲಿ ಹಾವಿನ ಜೊತೆ ಹೋಲಿಸಿದ ಅಧ್ಯಯನ 1972ರಲ್ಲಿ ಬಂತು. ಚರ್ಮದಿಂದ ಹೋಗುವ ನೀರಿನಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ನೀರನ್ನು ತಡೆಯೋದು ಹೊರಚರ್ಮದ ಪದರಗಳ ನಡುವೆ ಇರುವ ಕೊಬ್ಬಿನ ಅಂಶ. ಹುರುಪೆಯ ದೊಡ್ಡ ಕೆಲಸ ಅಂದರೆ ತಿಕ್ಕಾಟ ತಡೆಯೋದು, ನೆಲದ ಮೇಲೆ ಹಿಡಿತ ಕೊಡೋದು, ಗಾಯದಿಂದ ಕಾಯೋದು.

ನೀರು ಉಳಿಸೋ ಇನ್ನರ್ಧ ಕೆಲಸ ಕಿಡ್ನಿ ಕಡೆಯದು. ಹಾವು, ಹಲ್ಲಿಗಳು ಸಾರಜನಕದ ಕಸವನ್ನು ಯೂರಿಕ್ ಆಮ್ಲ ಮಾಡಿ ಹೊರಹಾಕುತ್ತವೆ. ಗೋಡೆಯ ಹಲ್ಲಿಯ ಹಿಕ್ಕೆಯ ತುದಿಯಲ್ಲಿ ಬಿಳಿ ಚುಕ್ಕೆ ಇರುತ್ತಲ್ಲ, ಅದೇ. ಅದು ನೀರಲ್ಲಿ ಸರಿಯಾಗಿ ಕರಗೋದೇ ಇಲ್ಲ, ಹಾಗಾಗಿ ತೊಳೆದು ಹಾಕೋಕೆ ನೀರು ಬೇಕಾಗಿಲ್ಲ. ನೀರು ಬಿಡದ ಚರ್ಮ ಇದ್ದು, ಕಿಡ್ನಿ ಮಾತ್ರ ನೀರು ಸುರಿಯುತ್ತಿದ್ದರೆ ಏನು ಪ್ರಯೋಜನ?

ಬಿಳಿಹಲಗೆ

ಇಂಥದ್ದೇ ಬೇಕಿತ್ತು. ಚರ್ಮ ಮತ್ತು ಕಿಡ್ನಿಯನ್ನು ಒಟ್ಟಿಗೆ ಇಟ್ಟರೆ ಅರ್ಥ ತಾನಾಗೇ ಬರುತ್ತದೆ. ಯಾರಾದರೂ ಕಪ್ಪೆ ಬಗ್ಗೆ ಬರೆಯುತ್ತೀರಾ? ನನ್ನ ಪ್ರಕಾರ ಈ ಕೋಷ್ಟಕದಿಂದ ಜಾಸ್ತಿ ಅನ್ಯಾಯ ಆಗಿರೋದು ಕಪ್ಪೆಗೆ. "ಮೂರೇ ಕೋಣೆ, ಶುದ್ಧ ಅಶುದ್ಧ ರಕ್ತ ಬೆರೆಯುತ್ತದೆ, ಹಾಗಾಗಿ ದಕ್ಷತೆ ಕಮ್ಮಿ" ಅಂತ ಮುಗಿಸಿಬಿಡುತ್ತಾರೆ.

ಮಳೆಗಪ್ಪೆ

ಕಾಯ್ತಾ ಇದ್ದೆ ಮೇಷ್ಟ್ರೇ! ಸ್ವಲ್ಪ ಉದ್ದ ಆಗುತ್ತೆ, ಸಮಾಧಾನದಿಂದ ಓದಿ.

ಕಪ್ಪೆಯ ಚರ್ಮ ತೆಳು, ಸದಾ ಒದ್ದೆ. ಒದ್ದೆ ಇಡೋದು ಚರ್ಮದೊಳಗಿನ ಲೋಳೆ ಗ್ರಂಥಿಗಳು. ಕಪ್ಪೆ ಬಾಯಿಂದ ನೀರು ಕುಡಿಯೋದಿಲ್ಲ. ಹೊಟ್ಟೆಯ ಕೆಳಭಾಗ ಮತ್ತು ತೊಡೆಯ ಒಳಗಡೆ ರಕ್ತನಾಳ ತುಂಬಿದ ಚರ್ಮ ಇರುತ್ತದೆ. ಒದ್ದೆ ನೆಲಕ್ಕೆ ಅದನ್ನು ಒತ್ತಿ ಕೂತರೆ ನೀರು ಒಳಗೆ ಹೋಗುತ್ತದೆ. ಇಂಗಾಲದ ಡೈಆಕ್ಸೈಡಿನ ಬಹುಪಾಲು ಹೊರಹೋಗೋದೂ ಚರ್ಮದಿಂದಲೇ. ಆಮ್ಲಜನಕವೂ ಒಂದಷ್ಟು ಚರ್ಮದಿಂದ ಬರುತ್ತದೆ. ನೀರಿನಡಿ ಇರುವಾಗ ಚರ್ಮವೇ ಗತಿ.

ಈಗ ಹೃದಯ ನೋಡಿ. ಕಪ್ಪೆಯ ಹೃದಯದಿಂದ ಹೊರಡುವ ಒಂದು ನಾಳ ಮುಂದೆ ಕವಲಾಗುತ್ತದೆ. ಒಂದು ಕವಲು ಶ್ವಾಸಕೋಶಕ್ಕೆ, ಇನ್ನೊಂದು ಚರ್ಮಕ್ಕೆ. ಶ್ವಾಸಕೋಶದಲ್ಲಿ ಆಮ್ಲಜನಕ ಪಡೆದ ರಕ್ತ ಎಡ ಹೃತ್ಕರ್ಣಕ್ಕೆ (ಹೃದಯಕ್ಕೆ ರಕ್ತ ಬಂದು ಸೇರೋ ಕೋಣೆ) ಬರುತ್ತದೆ. ಚರ್ಮದಲ್ಲಿ ಆಮ್ಲಜನಕ ಪಡೆದ ರಕ್ತ ಮಾತ್ರ ಮೈಯ ಉಳಿದ ರಕ್ತದ ಜೊತೆ ಸೇರಿ ಬಲ ಹೃತ್ಕರ್ಣಕ್ಕೆ ಬರುತ್ತದೆ. ಅಂದರೆ ಬಲಗಡೆ ಬರೋದು ಬರೀ "ಅಶುದ್ಧ" ರಕ್ತ ಅಲ್ಲ. ಕಪ್ಪೆ ನೀರೊಳಗೆ ಮುಳುಗಿದಾಗ ಶ್ವಾಸಕೋಶದಿಂದ ಹೊಸದಾಗಿ ಏನೂ ಸಿಗಲ್ಲ. ಆಗ ಆಮ್ಲಜನಕ ಇರೋದು ಬಲಗಡೆ ಬರುವ ರಕ್ತದಲ್ಲೇ. ನಮ್ಮ ಹಾಗೆ ನಡುವೆ ಪೂರ್ತಿ ಗೋಡೆ ಇದ್ದಿದ್ದರೆ ಆ ರಕ್ತ ಮೊದಲು ಶ್ವಾಸಕೋಶಕ್ಕೇ ಹೋಗಿ ಸುತ್ತಿ ಬರಬೇಕಿತ್ತು. ರಕ್ತ ಹೊರಗೆ ತಳ್ಳೋ ಕೋಣೆ, ಅಂದರೆ ಹೃತ್ಕುಕ್ಷಿ, ಒಂದೇ ಇರೋದರಿಂದ ಅದು ನೇರವಾಗಿ ಮೈಗೆ ಹೋಗಬಹುದು.

ಇನ್ನೊಂದು ಮಾತು. ಹೃತ್ಕುಕ್ಷಿ ಒಂದೇ ಆದರೂ ಒಳಗೆ ಸ್ನಾಯುವಿನ ಎಳೆಗಳು ಸ್ಪಂಜಿನ ಹಾಗೆ ಹರಡಿರುತ್ತವೆ. ಹೊರಹೋಗೋ ನಾಳದೊಳಗೆ ಸುರುಳಿಯಂಥ ಮಡಿಕೆ ಇದೆ. ಇವೆರಡರಿಂದ ರಕ್ತ ಸಾಕಷ್ಟು ಬೇರೆ ಬೇರೆಯಾಗಿಯೇ ಹರಿಯುತ್ತದೆ.

ಇದು ಬರೀ ವಾದ ಅಂತ ಅನ್ನಿಸಿದರೆ ಶ್ವಾಸಕೋಶವಿಲ್ಲದ, ಹಲ್ಲಿಯಂತೆ ಬಾಲವಿರೋ ಕಪ್ಪೆ ಬಳಗದ ಸಲಮಾಂಡರ್‌ಗಳನ್ನು ನೋಡಿ. ಈಗ ಬದುಕಿರುವ ಸಲಮಾಂಡರ್ ಜಾತಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಒಂದೇ ಕುಟುಂಬಕ್ಕೆ ಸೇರಿವೆ. ದೊಡ್ಡವಾದ ಮೇಲೂ ಇವುಗಳಿಗೆ ಶ್ವಾಸಕೋಶ ಇಲ್ಲ. ಉಸಿರಾಟವೆಲ್ಲ ಚರ್ಮ ಮತ್ತು ಬಾಯಿಯ ಒಳಪದರದಿಂದ. ಇವುಗಳ ಹೃದಯದಲ್ಲಿ ಎರಡು ಹೃತ್ಕರ್ಣಗಳ ನಡುವಿನ ಗೋಡೆಯೂ ಅರೆಬರೆ. ಶ್ವಾಸಕೋಶದಿಂದ ಬರುವ ರಕ್ತವೇ ಇಲ್ಲದ ಮೇಲೆ ಅದಕ್ಕೊಂದು ಬೇರೆ ಕೋಣೆ ಯಾಕೆ?

ಹೊಸಬ

ಅಂದರೆ ಎರಡು, ಮೂರು, ನಾಲ್ಕು ಅನ್ನೋದು ಮೇಲಕ್ಕೆ ಹೋಗೋ ಮೆಟ್ಟಿಲು ಅಲ್ಲ ಅಂತಾಯ್ತು. ನಮ್ಮ ಪುಸ್ತಕದ ಚಿತ್ರದಲ್ಲಿ ಹಾಗೇ ಇದೆ. ಮೀನಿನ ಹೃದಯ ಕೆಳಗೆ, ಮನುಷ್ಯನದು ಮೇಲೆ.

ಉಡದಹೆಜ್ಜೆ

ಮೆಟ್ಟಿಲು ಅಲ್ಲವೇ ಅಲ್ಲ. ಹಕ್ಕಿ ಮತ್ತು ಸಸ್ತನಿಗಳ ನಾಲ್ಕು ಕೋಣೆಯ ಹೃದಯ ಎರಡು ಬೇರೆ ದಾರಿಗಳಲ್ಲಿ ಬಂದಿವೆ. ಹೊರಗಿಂದ ಗುರುತಿಸೋ ಒಂದು ಸುಳಿವು ಇದೆ. ಹೃದಯದಿಂದ ಹೊರಟ ಮಹಾಪಧಮನಿ ಹಕ್ಕಿಯಲ್ಲಿ ಬಲಕ್ಕೆ ಬಾಗುತ್ತದೆ, ಸಸ್ತನಿಯಲ್ಲಿ ಎಡಕ್ಕೆ.

ಸರೀಸೃಪಗಳಲ್ಲೂ "ಮೂರು" ಅಂತ ಒಂದೇ ಮಾತಲ್ಲಿ ಹೇಳೋಕೆ ಬರಲ್ಲ. ಹಾವು, ಹಲ್ಲಿ, ಆಮೆಗಳ ಹೃತ್ಕುಕ್ಷಿಯಲ್ಲಿ ಅರ್ಧ ಗೋಡೆ ಇದೆ. ಮೊಸಳೆಗೆ ಪೂರ್ತಿ ಗೋಡೆ, ನಾಲ್ಕು ಕೋಣೆ. ಆದರೆ ಮೊಸಳೆಯ ಬಲ ಹೃತ್ಕುಕ್ಷಿಯಿಂದ ಎರಡು ನಾಳ ಹೊರಡುತ್ತವೆ. ಒಂದು ಶ್ವಾಸಕೋಶಕ್ಕೆ, ಇನ್ನೊಂದು ಮೈಗೆ. ಶ್ವಾಸಕೋಶದ ದಾರಿಯಲ್ಲಿ ಹಲ್ಲು ಹಲ್ಲಾಗಿ ಕೂಡಿಕೊಳ್ಳೋ ಕವಾಟ ಇದೆ. ಅದು ಬಿಗಿಯಾದರೆ ರಕ್ತ ಶ್ವಾಸಕೋಶ ಬಿಟ್ಟು ಮೈ ಕಡೆ ತಿರುಗುತ್ತದೆ. ಇದರ ಜೊತೆಗೆ ಮೈಗೆ ಹೋಗುವ ಎರಡು ಮಹಾಪಧಮನಿಗಳ ಬುಡದಲ್ಲಿ ಒಂದು ಕಿಂಡಿಯೂ ಇದೆ, ಪನಿಝಾ ರಂಧ್ರ ಅಂತ ಹೆಸರು. ನೀರಿನಡಿ ಬಹಳ ಹೊತ್ತು ಇರೋ ಪ್ರಾಣಿಗೆ ಈ ತಿರುವು ಉಪಯೋಗಕ್ಕೆ ಬರುತ್ತದೆ ಅನ್ನೋದು ಒಂದು ವಿವರಣೆ.

ಗರಿಗಣ್ಣು

ಹಕ್ಕಿಗಳ ಪರವಾಗಿ ನಾನು.

ಒಂದು ಗರಿ ತೆಗೆದುಕೊಳ್ಳಿ. ನಡುವೆ ಕಾಂಡ. ಅದರಿಂದ ಎರಡೂ ಕಡೆ ಎಳೆಗಳು. ಲೆನ್ಸ್ ಹಿಡಿದರೆ ಪ್ರತಿ ಎಳೆಯಿಂದ ಇನ್ನೂ ಸಣ್ಣ ಎಳೆಗಳು ಹೊರಟಿರೋದು ಕಾಣುತ್ತದೆ. ಅವುಗಳ ಒಂದು ಸಾಲಿನಲ್ಲಿ ಕೊಕ್ಕೆಗಳಿವೆ, ಪಕ್ಕದ ಎಳೆಯ ಅಂಚಿಗೆ ಸಿಕ್ಕಿಕೊಳ್ಳುತ್ತವೆ. ಗರಿಯನ್ನು ಬೆರಳಿಂದ ಹಿಮ್ಮುಖವಾಗಿ ಎಳೆದರೆ ಸೀಳಿ ನಿಲ್ಲುತ್ತದೆ. ಬುಡದಿಂದ ತುದಿಗೆ ಮೆಲ್ಲಗೆ ನೀವಿದರೆ ಮತ್ತೆ ಕೂಡಿಕೊಳ್ಳುತ್ತದೆ. ಹಕ್ಕಿ ದಿನವಿಡೀ ಕೊಕ್ಕಿನಿಂದ ಮಾಡೋದು ಇದನ್ನೇ. ಜೊತೆಗೆ ಬಾಲದ ಬುಡದಲ್ಲಿರೋ ಎಣ್ಣೆ ಗ್ರಂಥಿಯಿಂದ ಎಣ್ಣೆ ತೆಗೆದು ಸವರುತ್ತದೆ. ಬಹುತೇಕ ಹಕ್ಕಿಗಳ ಚರ್ಮದಲ್ಲಿ ಇರೋ ದೊಡ್ಡ ಗ್ರಂಥಿ ಅದೊಂದೇ. ಬೆವರು ಗ್ರಂಥಿ ಇಲ್ಲವೇ ಇಲ್ಲ.

ಬೆವರಿಲ್ಲ, ಮೈತುಂಬ ಗರಿ, ಒಳಗೆ ಸುಮಾರು 40ರಿಂದ 42 ಡಿಗ್ರಿ ಸೆಲ್ಸಿಯಸ್ ಬಿಸಿ. ಹಾರುವಾಗ ಸ್ನಾಯುಗಳಿಂದ ಇನ್ನೂ ಶಾಖ ಹುಟ್ಟುತ್ತದೆ. ಇದು ಹೊರಹೋಗೋದು ಹೇಗೆ? ಒಂದು ದಾರಿ ಗರಿಯಿಲ್ಲದ ಕಾಲು ಮತ್ತು ಕೊಕ್ಕು. ಇನ್ನೊಂದು ದಾರಿ ಉಸಿರು. ಇಲ್ಲಿ ಶ್ವಾಸಕೋಶ ಬರುತ್ತದೆ. ಹಕ್ಕಿಯ ಶ್ವಾಸಕೋಶ ನಮ್ಮದರ ಹಾಗೆ ಉಬ್ಬಿ ಕುಗ್ಗೋದಿಲ್ಲ. ಗಾಳಿಯನ್ನು ತಳ್ಳೋದು ಮೈಯೊಳಗೆ ಹರಡಿರೋ ಗಾಳಿಚೀಲಗಳು, ಸಾಮಾನ್ಯವಾಗಿ 9. ಒಳಗೆ ಎಳೆದ ಗಾಳಿ ಮೊದಲು ಹಿಂದಿನ ಚೀಲಗಳಿಗೆ, ಅಲ್ಲಿಂದ ಶ್ವಾಸಕೋಶಕ್ಕೆ, ಆಮೇಲೆ ಮುಂದಿನ ಚೀಲಗಳಿಗೆ, ಕೊನೆಗೆ ಹೊರಗೆ. ಒಂದು ಗುಟುಕು ಗಾಳಿ ಪೂರ್ತಿ ದಾಟೋಕೆ ಎರಡು ಸಲ ಉಸಿರಾಡಬೇಕು. ಶ್ವಾಸಕೋಶದಲ್ಲಿ ಗಾಳಿ ಯಾವಾಗಲೂ ಒಂದೇ ದಿಕ್ಕಿಗೆ. ಆ ಚೀಲಗಳ ಒಳಮೈಯಿಂದ ಆವಿಯಾಗೋ ನೀರೂ ಮೈಯನ್ನು ತಣ್ಣಗಿಡುತ್ತದೆ.

ಒಂದೇ ದಿಕ್ಕಿನ ಗಾಳಿ ಹಕ್ಕಿಗೆ ಮಾತ್ರ ಅಂತ ಬಹಳ ಕಾಲ ಅಂದುಕೊಂಡಿದ್ದರು. 2010ರಲ್ಲಿ ಮೊಸಳೆ ಬಳಗದ ಅಲಿಗೇಟರ್‌ನಲ್ಲೂ ಹಾಗೇ ಹರಿಯುತ್ತದೆ ಅಂತ ತೋರಿಸಿದರು. 2013ರಲ್ಲಿ ಉಡದಲ್ಲೂ ಸಿಕ್ಕಿತು. ಉಡದಹೆಜ್ಜೆ ಅವರಿಗೆ ಇದು ಖುಷಿ ಕೊಡಬೇಕು.

ಉಡದಹೆಜ್ಜೆ

ಖಂಡಿತ ಖುಷಿ! ಹಾರಾಟಕ್ಕೆ ಬಹಳ ಮುಂಚೆಯೇ ಆ ಶ್ವಾಸಕೋಶದ ದಾರಿ ಶುರುವಾಗಿತ್ತು ಅನ್ನೋಕೆ ಒಳ್ಳೆ ಸಾಕ್ಷಿ. ಹಾಗೇ ಗರಿಯೂ ಹಾರಾಟಕ್ಕಾಗಿ ಹುಟ್ಟಿದ್ದಲ್ಲ. 1996ರಲ್ಲಿ ಚೀನಾದ ಸೈನೋಸಾರಾಪ್ಟರಿಕ್ಸ್ ಅನ್ನೋ ಪುಟ್ಟ ಡೈನೋಸಾರ್ ಬಗ್ಗೆ ಜಗತ್ತಿಗೆ ಗೊತ್ತಾಯ್ತು. ಹಾರಲಾರದ ಪ್ರಾಣಿ, ಆದರೂ ಮೈಮೇಲೆ ತುಪ್ಪಳದಂಥ ಎಳೆಗಳು.

ಹೊಸಬ

ಹಾಗಾದರೆ ಹುರುಪೆಯೇ ಗರಿಯಾಗಿ, ಕೂದಲಾಗಿ ಬದಲಾಯ್ತಾ? ಹಕ್ಕಿಯ ಕಾಲಿನಲ್ಲಿ ಈಗಲೂ ಹುರುಪೆ ಇದೆಯಲ್ಲ.

ಗರಿಗಣ್ಣು

ಅಷ್ಟು ಸಲೀಸಾಗಿ ಹೇಳೋದು ನನಗೆ ಒಪ್ಪಿಗೆ ಇಲ್ಲ. ಗರಿ ಬೆಳೆಯೋದು ಚರ್ಮದೊಳಗೆ ಇಳಿದ ಕೊಳವೆಯಿಂದ. ಕೂದಲೂ ತನ್ನದೇ ಗುಳಿಯಿಂದ. ಹುರುಪೆ ಬರೀ ಮಡಿಕೆ. ಗರಿ ಮತ್ತು ಸರೀಸೃಪಗಳ ಹುರುಪೆಯ ಗಟ್ಟಿ ಭಾಗದಲ್ಲಿ ಬೀಟಾ ಬಗೆಯ ಪ್ರೋಟೀನ್ ಇದೆ. ಕೂದಲಿನಲ್ಲಿ ಆಲ್ಫಾ ಕೆರಾಟಿನ್ ಅನ್ನೋ ಬೇರೆ ಪ್ರೋಟೀನ್ ಮಾತ್ರ. ಸಾಮಾನು ಬೇರೆ, ಕಟ್ಟೋ ರೀತಿ ಬೇರೆ.

ಉಡದಹೆಜ್ಜೆ

ಕೊನೆಯ ರೂಪದಲ್ಲಿ ವ್ಯತ್ಯಾಸ ಇದೆ, ಒಪ್ಪಿದೆ. ಆದರೆ ಭ್ರೂಣದಲ್ಲಿ ಶುರುವಾಗೋ ಜಾಗ ನೋಡಿ. ಗರಿಯೂ ಕೂದಲೂ ಮೂಡೋ ಮುಂಚೆ ಹೊರಚರ್ಮದಲ್ಲಿ ಚಿಕ್ಕ ದಪ್ಪನೆಯ ಮಚ್ಚೆ ಕಾಣಿಸಿಕೊಳ್ಳುತ್ತದೆ, ಪ್ಲಾಕೋಡ್ ಅಂತಾರೆ. ಸರೀಸೃಪಗಳ ಹುರುಪೆಗೆ ಅದು ಇಲ್ಲ ಅಂತ ಮುಂಚೆ ಹೇಳುತ್ತಿದ್ದರು. 2016ರಲ್ಲಿ ನಿಕೋಲಾ ಡಿ-ಪೋಯಿ ಮತ್ತು ಮಿಷೆಲ್ ಮಿಲಿಂಕೊವಿಚ್ ಅವರು ಮೊಸಳೆ, ಹಾವು, ಹಲ್ಲಿಗಳ ಭ್ರೂಣಗಳಲ್ಲೂ ಅದನ್ನು ತೋರಿಸಿದರು. ಹುರುಪೆಯಿಲ್ಲದ ಒಂದು ತಳಿಯ ಗಡ್ಡದ ಹಲ್ಲಿಯಲ್ಲಿ ಕೆಟ್ಟಿದ್ದ ಜೀನ್ ಯಾವುದು ಗೊತ್ತಾ? ಇಡಿಎ. ಮನುಷ್ಯರಲ್ಲಿ ಅದೇ ಜೀನ್ ಕೆಟ್ಟರೆ ಕೂದಲು ವಿರಳ, ಹಲ್ಲು ಕಮ್ಮಿ, ಬೆವರು ಗ್ರಂಥಿ ಕಮ್ಮಿ.

ಗರಿಗಣ್ಣು

ಶುರುವಾತು ಒಂದೇ ಅನ್ನೋದಕ್ಕೆ ನನ್ನ ವಿರೋಧ ಇಲ್ಲ. "ಹುರುಪೆ ಸೀಳಿ ಗರಿಯಾಯ್ತು" ಅನ್ನೋ ಹಳೆ ಕಥೆಗೆ ಮಾತ್ರ ವಿರೋಧ. ಹೊಸಬರೇ, ಕಾಲಿನ ಪ್ರಶ್ನೆಗೆ ಉತ್ತರ: ಕೆಲವು ತಳಿಯ ಪಾರಿವಾಳ, ಕೋಳಿಗಳ ಕಾಲಲ್ಲಿ ಹುರುಪೆಯ ಜಾಗದಲ್ಲಿ ಗರಿಯೇ ಬೆಳೆಯುತ್ತದೆ. ಅಂದರೆ ಆ ಚರ್ಮಕ್ಕೆ ಎರಡೂ ಸಾಧ್ಯ. ಯಾವುದು ಮೂಡಬೇಕು ಅನ್ನೋದು ಅಲ್ಲಿ ಯಾವ ಜೀನ್ ಎಷ್ಟು ಕೆಲಸ ಮಾಡುತ್ತದೆ ಅನ್ನೋದರ ಮೇಲೆ.

ಪಶುವೈದ್ಯೆ

ಸಸ್ತನಿಗಳ ವಿಷಯಕ್ಕೆ ಬರ್ತೀನಿ. ಕೂದಲಿನ ಬಗ್ಗೆ ಎಲ್ಲರೂ ಹೇಳುತ್ತಾರೆ. ನನಗೆ ಗ್ರಂಥಿಗಳ ಬಗ್ಗೆ ಹೇಳಬೇಕು, ಯಾಕಂದರೆ ದಿನಾ ಕೈಯಾಡಿಸೋದು ಅವುಗಳ ಮೇಲೇ.

ಸಸ್ತನಿ ಚರ್ಮದ ನಿಜವಾದ ವಿಶೇಷ ಅದರ ಗ್ರಂಥಿಗಳಲ್ಲಿದೆ. ಎಣ್ಣೆ ಗ್ರಂಥಿ, ಬೆವರು ಗ್ರಂಥಿ, ವಾಸನೆಯ ಗ್ರಂಥಿ. ಕೆಚ್ಚಲೂ ಮೂಲದಲ್ಲಿ ಚರ್ಮದ ಗ್ರಂಥಿಯೇ. ಪ್ಲಾಟಿಪಸ್‌ನಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಅದಕ್ಕೆ ಮೊಲೆತೊಟ್ಟು ಇಲ್ಲ. ಹೊಟ್ಟೆಯ ಚರ್ಮದ ಎರಡು ಜಾಗಗಳಲ್ಲಿ ಹಾಲು ಒಸರುತ್ತದೆ, ಮರಿಗಳು ಅಲ್ಲಿಂದಲೇ ಹೀರುತ್ತವೆ. ಮೊಟ್ಟೆ ಇಡುತ್ತದೆ, ಹಕ್ಕಿ ಹಾವುಗಳ ಹಾಗೆ ಮಲ, ಮೂತ್ರ, ಮೊಟ್ಟೆಗೆ ಒಂದೇ ದ್ವಾರ, ಆದರೂ ತುಪ್ಪಳ ಮತ್ತು ಹಾಲು ಇರೋದರಿಂದ ಸಸ್ತನಿ.

ಬೆವರೂ ಎಲ್ಲ ಸಸ್ತನಿಗಳಿಗೆ ಒಂದೇ ಥರ ಇಲ್ಲ. ಮನುಷ್ಯನ ಮೈಮೇಲೆ 20ರಿಂದ 40 ಲಕ್ಷ ಬೆವರು ಗ್ರಂಥಿ. ಕುದುರೆ ಚೆನ್ನಾಗಿ ಬೆವರುತ್ತದೆ. ಅದರ ಬೆವರಿನಲ್ಲಿ ಲ್ಯಾಥರಿನ್ ಅನ್ನೋ ಪ್ರೋಟೀನ್ ಇದೆ. ಓಡಿ ಬಂದ ಕುದುರೆಯ ಮೈಮೇಲೆ ನೊರೆ ಕಾಣೋದು ಅದರಿಂದ. ಎಣ್ಣೆ ಹಿಡಿದ ಕೂದಲಿನ ಮೇಲೆ ಬೆವರು ಹರಡಿಕೊಂಡು ಬೇಗ ಆರಲಿ ಅಂತ. ನಾಯಿಗೆ ಅಂಥ ಬೆವರು ಪಾದದ ಮೆತ್ತೆಯಲ್ಲಿ ಮಾತ್ರ. ಹಾಗಾಗಿ ತಣ್ಣಗಾಗೋ ಕೆಲಸವನ್ನೆಲ್ಲ ನಾಲಗೆ ಮತ್ತು ಉಸಿರು ಹೊರಬೇಕು. ಮೂತಿ ಚಪ್ಪಟೆಯಾದ ತಳಿಗಳಿಗೆ ಬೇಸಿಗೆಯಲ್ಲಿ ಪ್ರಾಣಕ್ಕೇ ಅಪಾಯ ಬರೋದು ಇದಕ್ಕೇ. ಚರ್ಮ ಮಾಡದ ಕೆಲಸವನ್ನು ಉಸಿರಿನ ದಾರಿ ಮಾಡಬೇಕು, ಆ ದಾರಿಯೇ ಇಕ್ಕಟ್ಟು. ನಾಯಿ ಸಾಕುವವರು ದಯವಿಟ್ಟು ಇದನ್ನು ನೆನಪಿಡಿ. ಆನೆಗೆ ಉಗುರಿನ ಹತ್ತಿರ ಬಿಟ್ಟರೆ ಬೆವರು ಗ್ರಂಥಿಯೇ ಇಲ್ಲ. ಆಫ್ರಿಕಾದ ಆನೆಯ ಚರ್ಮದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳ ಜಾಲ ಇದೆ. ನೀರು, ಕೆಸರು ಅದರಲ್ಲಿ ನಿಂತು ನಿಧಾನವಾಗಿ ಆರುತ್ತದೆ.

ಒಳಗಿನ ಎರಡು ಗುರುತುಗಳು: ಎದೆ ಮತ್ತು ಹೊಟ್ಟೆಯ ನಡುವೆ ಸ್ನಾಯುವಿನ ವಪೆ, ಮತ್ತು ಬೆಳೆದ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇಲ್ಲದಿರೋದು. ಹಕ್ಕಿಯ ರಕ್ತದ ಸ್ಲೈಡ್ ನೋಡಿದರೆ ಪ್ರತಿ ಕೆಂಪು ಕಣದ ನಡುವೆ ಕೇಂದ್ರ ಕಾಣುತ್ತದೆ. ನಾಯಿಯ ಸ್ಲೈಡಿನಲ್ಲಿ ಕಾಣಲ್ಲ.

ಹೊಸಬ

ಚಿಪ್ಪುಹಂದಿ, ಆಮೆ, ಆರ್ಮಡಿಲ್ಲೊ ಮೂರಕ್ಕೂ ಕವಚ ಇದೆ. ಮೂರೂ ಒಂದೇ ಥರದ್ದಾ?

ಪಶುವೈದ್ಯೆ

ಅಲ್ಲ. ಚಿಪ್ಪುಹಂದಿಯದು ಬರೀ ಕೆರಾಟಿನ್, ಉಗುರಿನ ಸಾಮಾನು. ಆರ್ಮಡಿಲ್ಲೊದು ಒಳಚರ್ಮದಲ್ಲಿ ಹುಟ್ಟಿದ ಮೂಳೆಯ ಬಿಲ್ಲೆಗಳು, ಮೇಲೆ ಕೆರಾಟಿನ್. ಆಮೆಯದು ಇನ್ನೂ ಆಳಕ್ಕೆ ಹೋಗುತ್ತದೆ. ಮೇಲಿನ ಚಿಪ್ಪಿನಲ್ಲಿ ಅದರ ಪಕ್ಕೆಲುಬು, ಬೆನ್ನೆಲುಬುಗಳೇ ಸೇರಿಹೋಗಿವೆ. ಹಾಗಾಗಿ ಆಮೆ ಚಿಪ್ಪಿನಿಂದ ಹೊರಬರೋದು ಅನ್ನೋ ಕಾರ್ಟೂನ್ ದೃಶ್ಯ ಅಸಾಧ್ಯ. ಚಿಪ್ಪು ಒಡೆದರೆ ನೋವಾಗುತ್ತದೆ, ರಕ್ತ ಬರುತ್ತದೆ.

ಉಡದಹೆಜ್ಜೆ

ಇದಕ್ಕೊಂದು ಸೇರಿಸ್ತೀನಿ, ಮೇಷ್ಟ್ರ ವಾದಕ್ಕೆ ನೇರ ಸಾಕ್ಷಿ ಅದು. ಪಕ್ಕೆಲುಬು ಅಲುಗಾಡದಿದ್ದರೆ ಎದೆ ಉಬ್ಬಿಸಿ ಉಸಿರಾಡೋದು ಹೇಗೆ? ಆಮೆ ಹೊಟ್ಟೆಯ ಮತ್ತು ಕಾಲಿನ ಬುಡದ ಸ್ನಾಯುಗಳಿಂದ ಒಳಗಿನ ಅಂಗಗಳನ್ನೇ ಹಿಂದೆ ಮುಂದೆ ಸರಿಸಿ ಶ್ವಾಸಕೋಶಕ್ಕೆ ಜಾಗ ಮಾಡುತ್ತದೆ. ಹೊರಕವಚ ಬದಲಾಯ್ತು, ಉಸಿರಾಟದ ಯಂತ್ರವನ್ನೇ ಬದಲಾಯಿಸಬೇಕಾಯ್ತು. 2008ರಲ್ಲಿ ವಿವರಿಸಿದ ಓಡೊಂಟೋಕೆಲಿಸ್ ಅನ್ನೋ ಸುಮಾರು 22 ಕೋಟಿ ವರ್ಷ ಹಳೆಯ ಆಮೆಗೆ ಹೊಟ್ಟೆಯ ಕಡೆಯ ಚಿಪ್ಪು ಪೂರ್ತಿ ಇತ್ತು, ಬೆನ್ನಿನ ಚಿಪ್ಪು ಇನ್ನೂ ಆಗಿರಲಿಲ್ಲ.

ಹಾವಿನದೂ ಇದೇ ಕಥೆ. ಮೈ ಸಣ್ಣಗೆ ಉದ್ದ. ಬಹುತೇಕ ಹಾವುಗಳಲ್ಲಿ ಬಲ ಶ್ವಾಸಕೋಶವೇ ಕೆಲಸ ಮಾಡೋದು. ಎಡದ್ದು ಪುಟ್ಟದು, ಇಲ್ಲವೇ ಇಲ್ಲದಂತೆ. ಎರಡು ಕಿಡ್ನಿಗಳೂ ಅಕ್ಕಪಕ್ಕ ಇಲ್ಲದೆ ಒಂದರ ಹಿಂದೆ ಒಂದು ಕೂತಿವೆ.

ಬಿಳಿಹಲಗೆ

ಎಲ್ಲರಿಗೂ ಧನ್ಯವಾದ. ಆದರೂ ನನಗೆ ಇನ್ನೊಂದು ಬೇಕು. ಒಂದೇ ಗುಂಪಿನ ಒಳಗೆ, ಚರ್ಮ ಬದಲಾದ ಕೂಡಲೇ ಒಳಗಿನ ಅಂಗವೂ ಬದಲಾಗಿರೋ ಪ್ರಾಣಿ. ಹಾವಿಗೂ ಕಪ್ಪೆಗೂ ಹೋಲಿಸಿದರೆ "ಅವೆರಡು ಬೇರೆ ಗುಂಪು ತಾನೇ" ಅಂತ ಮಕ್ಕಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ.

ಮಳೆಗಪ್ಪೆ

ಇದೆ ಮೇಷ್ಟ್ರೇ, ಕಪ್ಪೆಗಳಲ್ಲೇ ಇದೆ.

ದಕ್ಷಿಣ ಅಮೆರಿಕದ ಗ್ರಾನ್ ಚಾಕೊ ಅನ್ನೋ ಒಣ ಪ್ರದೇಶದಲ್ಲಿ ಒಂದು ಮರಗಪ್ಪೆ ಇದೆ, ಫಿಲೊಮೆಡ್ಯೂಸಾ ಸೌವಾಜಿ. ಅದರ ಚರ್ಮದಲ್ಲಿ ಮೇಣದಂಥ ಕೊಬ್ಬು ಸುರಿಸೋ ಗ್ರಂಥಿಗಳಿವೆ. ಮೇಣ ಬಂದ ಮೇಲೆ ಕಪ್ಪೆ ಒಂದೊಂದೇ ಕಾಲನ್ನು ಎತ್ತಿ ಬೆನ್ನು, ತಲೆ, ಹೊಟ್ಟೆ, ಕಾಲು ಎಲ್ಲಕ್ಕೂ ಸಾವಕಾಶವಾಗಿ ಒರೆಸಿಕೊಳ್ಳುತ್ತದೆ. ಆಮೇಲೆ ಕೊಂಬೆಯ ಮೇಲೆ ಕಾಲು ಮಡಚಿ ಅಲುಗಾಡದೆ ಕೂರುತ್ತದೆ. ಮಾಮೂಲಿ ಕಪ್ಪೆಗೆ ಹೋಲಿಸಿದರೆ ಅದರ ಚರ್ಮದಿಂದ ಹೋಗೋ ನೀರು ತೀರಾ ಕಮ್ಮಿ, ಹೆಚ್ಚುಕಮ್ಮಿ ಮರುಭೂಮಿಯ ಹಲ್ಲಿಯ ಮಟ್ಟಕ್ಕೆ. ಕಿಡ್ನಿ? ದೊಡ್ಡ ಕಪ್ಪೆಗಳು ಸಾಮಾನ್ಯವಾಗಿ ಯೂರಿಯಾ ಬಿಡುತ್ತವೆ. ಇದು ಹಕ್ಕಿ, ಹಲ್ಲಿಗಳ ಹಾಗೆ ಯೂರಿಕ್ ಆಮ್ಲ ಬಿಡುತ್ತದೆ. ಚರ್ಮವೂ ಕಸ ಹಾಕೋ ರೀತಿಯೂ ಒಟ್ಟಿಗೇ ಬದಲಾಗಿವೆ.

ಇನ್ನೊಂದು ತುದಿಯಲ್ಲಿ ಆಫ್ರಿಕಾದ ಉಗುರುಗಪ್ಪೆ ಝೆನೋಪಸ್. ದೊಡ್ಡದಾದ ಮೇಲೂ ನೀರಲ್ಲೇ ವಾಸ. ಮೀನಿನ ಹಾಗೆ ಬಹಳಷ್ಟು ಅಮೋನಿಯಾವನ್ನೇ ಬಿಡುತ್ತದೆ. ಸುತ್ತ ಬೇಕಾದಷ್ಟು ನೀರಿದೆ, ಕರಗಿ ಹೋಗುತ್ತದೆ. ಕೆರೆ ಒಣಗಿದಾಗ ಅದೇ ಕಪ್ಪೆ ಯೂರಿಯಾ ಜಾಸ್ತಿ ಮಾಡುತ್ತದೆ.

ತರಗತಿಯಲ್ಲಿ ತೋರಿಸೋಕೆ ಗೊದಮೊಟ್ಟೆ ಸಾಕು. ಅದು ಅಮೋನಿಯಾ ಬಿಡುತ್ತದೆ, ಕಿವಿರಿನಿಂದ ಉಸಿರಾಡುತ್ತದೆ, ಸೊಪ್ಪು ಪಾಚಿ ತಿನ್ನೋ ಉದ್ದ ಸುರುಳಿ ಕರುಳು ಅದಕ್ಕಿದೆ. ಕಪ್ಪೆಯಾಗೋ ಹೊತ್ತಿಗೆ ಕಿವಿರು ಮಾಯ, ಕರುಳು ಗಿಡ್ಡ, ಹೊರಚರ್ಮಕ್ಕೆ ಹೊಸ ಪದರ, ಹೊಸ ಗ್ರಂಥಿಗಳು. ಲಿವರ್ ಯೂರಿಯಾ ಮಾಡೋಕೆ ಶುರು ಮಾಡುತ್ತದೆ. ಇದೆಲ್ಲಕ್ಕೂ ಆಜ್ಞೆ ಥೈರಾಯ್ಡ್ ಹಾರ್ಮೋನಿನದು.

ಪಶುವೈದ್ಯೆ

ಚರ್ಮ ಕೆಟ್ಟರೆ ಒಳಗೆ ಏನಾಗುತ್ತದೆ ಅನ್ನೋದಕ್ಕೂ ಕಪ್ಪೆಯೇ ಉದಾಹರಣೆ. 1999ರಲ್ಲಿ ಹೆಸರಿಟ್ಟ ಕೈಟ್ರಿಡ್ ಶಿಲೀಂಧ್ರ ಕಪ್ಪೆಯ ಹೊರಚರ್ಮಕ್ಕೆ ಮಾತ್ರ ತಗಲುತ್ತದೆ. ಶ್ವಾಸಕೋಶಕ್ಕೆ ಹೋಗಲ್ಲ, ಹೃದಯಕ್ಕೆ ಹೋಗಲ್ಲ. ಆದರೂ ಕಪ್ಪೆ ಸಾಯುತ್ತದೆ. 2009ರಲ್ಲಿ ಕಾರಣ ಸಿಕ್ಕಿತು. ಚರ್ಮ ಉಪ್ಪಿನಂಶ ಹೀರೋದನ್ನು ನಿಲ್ಲಿಸುತ್ತದೆ, ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಇಳಿಯುತ್ತವೆ, ಹೃದಯ ನಿಲ್ಲುತ್ತದೆ. ಈ ರೋಗದಿಂದ ಎಷ್ಟೋ ಕಪ್ಪೆ ಜಾತಿಗಳು ಕಣ್ಮರೆಯಾಗಿವೆ. ಇದನ್ನು ಬರೆಯುವಾಗಲೂ ಸಂಕಟವಾಗುತ್ತದೆ.

ಹೊಸಬ

ಮೀನುಗಳಲ್ಲಿ ಹೀಗೆ ಯಾವುದಾದರೂ ಇದೆಯಾ? ಹುರುಪೆ ಹೋಗಿ ಒಳಗೂ ಬದಲಾಗಿರೋದು?

ಕೆರೆದಂಡೆ

ಇದೆ. ಅಂಟಾರ್ಟಿಕಾ ಸಮುದ್ರದ ಐಸ್‌ಫಿಶ್. ಅಲ್ಲಿನ ನೀರು ಸೊನ್ನೆಗಿಂತ ಕೆಳಗೆ, ಸುಮಾರು ಮೈನಸ್ 1.9 ಡಿಗ್ರಿವರೆಗೆ ಇಳಿಯುತ್ತದೆ. ಉಪ್ಪಿರೋದರಿಂದ ಹೆಪ್ಪುಗಟ್ಟಲ್ಲ. ತಣ್ಣೀರಿನಲ್ಲಿ ಆಮ್ಲಜನಕ ಜಾಸ್ತಿ ಕರಗಿರುತ್ತದೆ. ಈ ಮೀನಿಗೆ ಹುರುಪೆ ಇಲ್ಲ, ಬರಿಮೈ. ಕಿವಿರಿನ ಜೊತೆಗೆ ಆ ಚರ್ಮದಿಂದಲೂ ಒಂದಷ್ಟು ಆಮ್ಲಜನಕ ಒಳಗೆ ಬರುತ್ತದೆ. ರಕ್ತದಲ್ಲಿ ಹಿಮೋಗ್ಲೋಬಿನ್ ಇಲ್ಲವೇ ಇಲ್ಲ. ರಕ್ತ ಕೆಂಪಲ್ಲ, ಹೆಚ್ಚುಕಮ್ಮಿ ನೀರಿನಷ್ಟೇ ತಿಳಿ. 1954ರಲ್ಲಿ ಯೊಹಾನ್ ರೂಡ್ ಇದನ್ನು ಅಳತೆ ಮಾಡಿ ಪ್ರಕಟಿಸಿದರು. ದೊಡ್ಡವಾದ ಮೇಲೂ ಹಿಮೋಗ್ಲೋಬಿನ್ ಇಲ್ಲದೆ ಬದುಕೋ ಕಶೇರುಕಗಳು ನಮಗೆ ಗೊತ್ತಿರೋ ಹಾಗೆ ಇವು ಮಾತ್ರ.

ಆದರೆ ಬೆಲೆ ತೆರಬೇಕಲ್ಲ. ಹಿಮೋಗ್ಲೋಬಿನ್ ಇಲ್ಲದ ರಕ್ತ ಹೊರೋ ಆಮ್ಲಜನಕ ತೀರಾ ಕಮ್ಮಿ. ಅದಕ್ಕೆ ರಕ್ತದ ಪ್ರಮಾಣ ಅದೇ ಗಾತ್ರದ ಬೇರೆ ಮೀನುಗಳಿಗಿಂತ ಕೆಲವು ಪಟ್ಟು ಜಾಸ್ತಿ. ರಕ್ತನಾಳಗಳು ಅಗಲ. ಹೃದಯ ಮೈಗೆ ಹೋಲಿಸಿದರೆ ದೊಡ್ಡದು, ಒಂದೊಂದು ಬಡಿತಕ್ಕೂ ತುಂಬಾ ರಕ್ತ ತಳ್ಳುತ್ತದೆ, ಆದರೆ ಒತ್ತಡ ಕಮ್ಮಿ. ಮೇಷ್ಟ್ರೇ, ನಿಮ್ಮ ಕೋಷ್ಟಕದಲ್ಲಿ ಇದರ ಹೃದಯಕ್ಕೂ "ಎರಡು ಕೋಣೆ" ಅಂತಲೇ ಬರುತ್ತದೆ. ಆ ಎರಡು ಕೋಣೆ ಎಷ್ಟು ದೊಡ್ಡದು, ಯಾಕೆ ದೊಡ್ಡದು ಅಂತ ಕೇಳಿ, ಮಕ್ಕಳು ಚರ್ಮದಿಂದ ಶುರು ಮಾಡಿ ಹೇಳಲಿ. ನೀರು ಬಿಸಿಯಾದರೆ ಈ ಮೀನಿಗೆ ಏನಾಗಬಹುದು ಅಂತಲೂ ಕೇಳಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಮ್ಮಿ, ಮೈಗೆ ಬೇಕಾಗೋದು ಜಾಸ್ತಿ. ಅಷ್ಟು ಗೊತ್ತಿದ್ದರೆ ಉತ್ತರ ಅವರೇ ಹೇಳುತ್ತಾರೆ.